ಗವಳಿಗಡದ ದಿಂಡಿ ಬಾಗಿಲು

ನನ್ನನ್ನು ಯಾರೂ ಎತ್ತಕೂಡದು. ಮನೆಗೆ ಬೆಂಕಿ ಬಿದ್ದರೆ ಮಾತು ಬೇರೆ. ಉಳಿದಂತೆ ಬ್ಯಾಂಕಿರಲಿ, ಗುಡಿಯಿರಲಿ, ಕೋಟೆಯಿರಲಿ, ಗಾಲಿಕುರ್ಚಿ ಹೋಗುವಷ್ಟು ದೂರ ಹೋಗುತ್ತೇನೆ, ಅದು ನಿಂತಲ್ಲಿ ನಿಲ್ಲುತ್ತೇನೆ. ಇದು ನಾನೇ ಮಾಡಿಕೊಂಡ ಕಾಯಿದೆ. ಮೂರು ವರ್ಷದಿಂದ ಮುರಿದಿಲ್ಲ.

ಕಾಯಿದೆ ಹುಟ್ಟಿದ್ದು ಬೆಳಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ, ನನ್ನ ಚಿಕ್ಕಪ್ಪನ ಮಗ ಗೌರೀಶನ ಲಗ್ನದ ದಿನ. ಹನ್ನೊಂದು ಮೆಟ್ಟಿಲು. ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ಜನ ನಾಲ್ಕು ಕಡೆಯಿಂದ ಹಿಡಿದು ಕುರ್ಚಿ ಎತ್ತಿಬಿಟ್ಟರು. ಆರನೆಯ ಮೆಟ್ಟಿಲಿಗೆ ಕುರ್ಚಿ ವಾಲಿತು, ಸೀರೆ ಮೊಣಕಾಲಿಗೆ ಬಂತು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಯಾರದೋ ಅಂಗಿಯ ಕಾಲರು ಹಿಡಿದುಕೊಂಡು ಮೇಲೆ ಹೋದೆ. ವಿಡಿಯೋದವನು ಒಂದನ್ನೂ ಬಿಡದೆ ಚಿತ್ರ ತೆಗೆದ. ಲಗ್ನದ ವಿಡಿಯೋದಲ್ಲಿ ಆ ಭಾಗಕ್ಕೆ ಶಹನಾಯಿ ಬೇರೆ ಹಾಕಿದ್ದಾರೆ. ಬಂದ ಮಂದಿಯೆಲ್ಲ "ಎಷ್ಟ ಛಲೋ ಹುಡುಗೋರು ನೋಡ್ರಿ" ಎಂದು ಎತ್ತಿದವರನ್ನು ಹೊಗಳಿದರು. ಆ ನಾಲ್ವರಲ್ಲಿ ಹುಡುಗನಲ್ಲದವನು ಒಬ್ಬನಿದ್ದ, ನಮ್ಮಪ್ಪ ಗುರುಪುತ್ರಪ್ಪ.

ಅಪ್ಪನಿಗೆ ಈ ಕಾಯಿದೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಮಗಳು ಹಟಮಾರಿ, ಅವರವ್ವನ ಹಾಗೆ, ಎಂದು ಅವನು ತನ್ನ ಪಾಡಿಗೆ ತಿಳಿದುಕೊಂಡಿದ್ದ.

ನಾನು ದಾನೇಶ್ವರಿ, ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಬೆಳಗಾವಿಯ ಅನಗೋಳದಲ್ಲಿ. ಒಂಬತ್ತು ವರ್ಷದ ಹಿಂದೆ ಪೀರನವಾಡಿಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ವಾಲಿ ನನ್ನ ಸ್ಕೂಟಿಯ ಮೇಲೆ ಬಿತ್ತು. ಅಂದಿನಿಂದ ಸೊಂಟದ ಕೆಳಗೆ ನನಗೆ ಸುದ್ದಿ ಹೋಗುವುದಿಲ್ಲ. ಅದರ ಬಗ್ಗೆ ಹೇಳುವುದು ಇಷ್ಟೇ. ಈಗ ದಿನಾ ಸಾಲಿಗೆ ಹೋಗುವುದು ಪೂರ್ಣಿಮಾಳ ಓಮ್ನಿಯಲ್ಲಿ. ಅವಳು ಅದೇ ಸಾಲಿಯ ಗಣಿತದ ಟೀಚರು, ಜೈನರ ಮನೆಯವಳು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಡುವುದಿಲ್ಲ, ಅದಕ್ಕೆ ಮೊದಲು ಇಟ್ಟುಕೊಂಡೇ ಇರುತ್ತಾಳೆ.

ನನಗೆ ಕೋಟೆಗಳ ಹುಚ್ಚು. ಬೆಳಗಾವಿ ಕೋಟೆ ಕಷ್ಟವಿಲ್ಲ. ಒಳಗೆ ಡಾಂಬರು ರಸ್ತೆಯೇ ಇದೆ, ವಾಹನಗಳು ಓಡಾಡುತ್ತವೆ, ಕಂದಕ ದಾಟಿದ್ದೂ ತಿಳಿಯುವುದಿಲ್ಲ. ಉಳಿದ ಕಡೆ ಬಾಗಿಲ ತನಕ ಹೋಗಿ, ಮೆಟ್ಟಿಲೆಷ್ಟು, ಎತ್ತರ ಎಷ್ಟು ಎಂದು ನೋಡಿ, ನಮ್ಮ ಗಾಲಿಕುರ್ಚಿಯವರ ವಾಟ್ಸಾಪ್ ಗುಂಪಿಗೆ ಬರೆದು ಹಾಕಿ ವಾಪಸು ಬರುತ್ತೇನೆ. ಕೋಟೆ ಕಟ್ಟುವುದೇ ಹೊರಗಿನವರು ಒಳಗೆ ಬರದಿರಲಿ ಎಂದು, ಹೀಗೆಂದು ನಾನೇ ಮಕ್ಕಳಿಗೆ ಕಲಿಸುತ್ತೇನೆ. ಹಾಗೆ ನೋಡಿದರೆ ನಮ್ಮ ಓಣಿಯ ಬ್ಯಾಂಕೂ ಬಹಳ ಗಟ್ಟಿಮುಟ್ಟಾದ ಕೋಟೆ.

ಗವಳಿಗಡ ಇರುವುದು ಖಾನಾಪುರ ದಾಟಿ ಕಣಕುಂಬಿಯ ಕಡೆ ಹೋಗುವಾಗ, ಕಾಡಿನ ಅಂಚಿನ ಒಂದು ಗುಡ್ಡದ ಮೇಲೆ. ಸಣ್ಣದು. ಪಾಠದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಆದರೆ ನಮ್ಮ ಸಾಲಿಯ ಮೇಲಿನ ಮೈದಾನದಿಂದ ನಿಚ್ಚಳ ದಿನ ಅದರ ಗೋಡೆ ಕಾಣುತ್ತದೆ, ಹನ್ನೆರಡು ವರ್ಷದಿಂದ ನೋಡುತ್ತಲೇ ಇದ್ದೇನೆ. ಕಾಲಿದ್ದಾಗ ನಾಳೆ ಹೋದರಾಯಿತು ಎಂದುಕೊಂಡೆ. ಕಳೆದ ವರ್ಷ ಗುಡ್ಡದ ಮೇಲಿನ ತನಕ ರಸ್ತೆಯಾಯಿತು. ಕಾವಲುಗಾರ ಉಳವಪ್ಪನ ನಂಬರು ಹುಡುಕಿ ಫೋನು ಮಾಡಿದೆ.

"ಬರ್ರಿ ಬಾಯಾರ, ಗಾಡಿ ಬಾಗಲದ ಮಟಾ ಬರ್ತದ," ಎಂದ. "ದೊಡ್ಡ ಬಾಗಲಾ ಕುಸದ ಬಿದ್ದೈತಿ. ಬಾಜೂಕ ದಿಂಡಿ ಬಾಗಲಾ ಐತಿ, ಸಣ್ಣದು, ಅದರಾಗ ಹಾದ ಹೋಗೂದು. ಒಳಗ ಎಲ್ಲಾ ಸಪಾಟ ಐತ್ರಿ. ಬಾಗಲದಾಗ ಮೂರ ಪಾವಟಿಗಿ ಅದಾವ, ಅಷ್ಟ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮೂರೇ ಮೂರು ಮೆಟ್ಟಿಲು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಎತ್ತರ ಎಷ್ಟ?" ಎಂದು ಕೇಳಿದ.

ಅಪ್ಪ ಮೂವತ್ತನಾಲ್ಕು ವರ್ಷ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮಾಡಿದವನು. ಬೀಡು ಕಬ್ಬಿಣ ಕರಗಿಸಿ ಹೊಯ್ಯಲು ಮರಳಿನಲ್ಲಿ ಅಚ್ಚು ಬೇಕು, ಆ ಅಚ್ಚು ಮೂಡಿಸಲು ಕಟ್ಟಿಗೆಯಲ್ಲಿ ಅದೇ ಆಕಾರ ಕೆತ್ತಿ ಕೊಡಬೇಕು. ಪಂಪಿನ ಹೊಟ್ಟೆ, ಗೇರಿನ ಡಬ್ಬಿ, ಯಾವುದೇ ಇರಲಿ, ಮೊದಲು ಅದು ಅಪ್ಪನ ಕೈಯಲ್ಲಿ ಕಟ್ಟಿಗೆಯಾಗಿ ಹುಟ್ಟುತ್ತಿತ್ತು. ಅಳತೆ ತಪ್ಪಿದೆ ಎಂದು ಅವನ ಒಂದು ಪ್ಯಾಟರ್ನೂ ವಾಪಸು ಬಂದದ್ದಿಲ್ಲ. ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ, ಹೆಚ್ಚಾಗಿ ಅವನ ಬಾಯಿಂದಲೇ.

ಬುಧವಾರ ಬೈಕು ಹತ್ತಿ ಗವಳಿಗಡಕ್ಕೆ ಹೋಗಿ ಟೇಪು ಹಿಡಿದು ಅಳೆದು ಬಂದ. ಹತ್ತು ದಿನ ಹಿತ್ತಲಲ್ಲಿ ಕೂತು ಇಳಿಜಾರು ಹಲಗೆ ಮಾಡಿದ. ಆರಾರು ಅಡಿಯ ಎರಡು ತುಂಡು, ನಡುವೆ ಕೊಕ್ಕೆಯಿಂದ ಜೋಡಣೆ. ಕೆಳಗಿನ ತುಂಡು ಬಾಗಿಲ ಮುಂದಿನ ಅಂಗಳದಲ್ಲಿ, ಮೇಲಿನದು ಬಾಗಿಲ ಎರಡೂ ಬದಿಯ ಕಲ್ಲುಗಳ ನಡುವೆ ಮೆಟ್ಟಿಲ ಮೇಲೆ ಕೂರಬೇಕು. ಕಲ್ಲಿಗೂ ಹಲಗೆಗೂ ನಡುವೆ ಕಾಗದ ತೂರಬಾರದು, ತೂರಿದರೆ ಹಲಗೆ ಅಲುಗಾಡುತ್ತದೆ ಎಂದ. ಉಜ್ಜಿ ಉಜ್ಜಿ ಎಷ್ಟು ನುಣ್ಣಗೆ ಮಾಡಿದನೆಂದರೆ ಅವ್ವ ಅದರ ಮೇಲೆ ಹಪ್ಪಳ ಒಣಗಿಸಲು ನೋಡಿ ಬೈಸಿಕೊಂಡಳು.

ಭಾನುವಾರ ಊಟ ಮುಗಿಸಿ, ಓಮ್ನಿಯ ನೆತ್ತಿಗೆ ಹಲಗೆ ಕಟ್ಟಿ ಹೊರಟೆವು. ಮೂವರು, ನಾನು, ಅಪ್ಪ, ಪೂರ್ಣಿಮಾ. ಅಪ್ಪ ಒಗೆದ ಧೋತರ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಮೂರೂವರೆಗೆ ಗವಳಿಗಡದ ಬಾಗಿಲಲ್ಲಿದ್ದೆವು.

ಉಳವಪ್ಪ ಐವತ್ತರ ಆಸುಪಾಸಿನ ಮನುಷ್ಯ, ನಂದಗಡದ ಕಡೆಯವನು. ಕೈಮುಗಿದು ಬರಮಾಡಿಕೊಂಡ. ಅಪ್ಪ, ಅವನು, ಪೂರ್ಣಿಮಾ ಸೇರಿ ಹಲಗೆ ಇಳಿಸಿದರು. ಕೆಳಗಿನ ತುಂಡು ಚೆನ್ನಾಗಿ ಕೂತಿತು. ಮೇಲಿನದನ್ನು ಎರಡು ಕಲ್ಲುಗಳ ನಡುವೆ ಇಳಿಸಲು ಹೋದರು. ಇಳಿಯಲಿಲ್ಲ. ಅಪ್ಪ ಅಂಗೈಯಿಂದ ಬಡಿದ. ಇಳಿಯಲಿಲ್ಲ. ತಿರುಗಿಸಿ ಇಟ್ಟ. ಆಗಲೂ ಇಲ್ಲ.

"ಕಲ್ಲ ಸರದಾವ ಕಾಣತೈತಿ," ಎಂದ ಅಪ್ಪ.

"ಮುನ್ನೂರ ವರ್ಷ ಸುಮ್ಮಿದ್ದ ಕಲ್ಲ ಹತ್ತ ದಿನದಾಗ ಸರದ್ವೇನ?" ಎಂದೆ. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ."

ಅಪ್ಪ ಕಿಸೆಯಿಂದ ಟೇಪು ತೆಗೆದು ಕಲ್ಲಿನ ನಡುವಿನ ಅಂತರ ಅಳೆದ. ಮೂವತ್ತಾರು ಇಂಚು, ಬುಧವಾರ ಬರೆದುಕೊಂಡಷ್ಟೇ. ಆಮೇಲೆ ಹಲಗೆಯ ಅಗಲ ಅಳೆದ. ಮತ್ತೊಮ್ಮೆ ಅಳೆದ. ಹಲಗೆಯ ಮೇಲೆ ಹಾಗೇ ಕೂತುಬಿಟ್ಟ.

"ಮೂರ ಸೂತ ಜಾಸ್ತಿ ಐತಿ," ಎಂದ. ಇಂಚಿನ ಎಂಟನೇ ಒಂದು ಪಾಲಿಗೆ ಬಡಿಗರು ಸೂತ ಎನ್ನುತ್ತಾರೆ. "ಫೂಟಿಗೆ ಒಂದ ಸೂತ. ಫೌಂಡ್ರಿ ಪಟ್ಟೀಲೆ ಅಳದೀನಿ."

ಪೂರ್ಣಿಮಾಳಿಗೆ ಅರ್ಥವಾಗಲಿಲ್ಲ, ನನಗೆ ತಕ್ಷಣ ಆಯಿತು. ಬೀಡು ಕಾದಾಗ ಹಿಗ್ಗಿರುತ್ತದೆ, ಆರಿದ ಮೇಲೆ ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನನ್ನು ಬೇಕಾದ ಅಳತೆಗಿಂತ ತುಸು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತೊಂದರೆ ಬೇಡವೆಂದು ಅವರ ಬಳಿ ಬೇರೆಯೇ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದರಲ್ಲಿ ಪ್ರತಿ ಅಡಿಯೂ ಮಾಮೂಲಿ ಅಡಿಗಿಂತ ಒಂದು ಸೂತ ಹೆಚ್ಚು ಉದ್ದ. ಅಪ್ಪ ಕಲ್ಲನ್ನು ಅಳೆದದ್ದು ಮಾರುಕಟ್ಟೆಯ ಟೇಪಿನಿಂದ. ಹಿತ್ತಲಲ್ಲಿ ಕಟ್ಟಿಗೆ ಮುಂದಿಟ್ಟುಕೊಂಡಾಗ ಮೂವತ್ತನಾಲ್ಕು ವರ್ಷದ ಕೈ ತಾನಾಗಿ ಆ ಪಟ್ಟಿಗೇ ಹೋಗಿತ್ತು.

ನನಗೆ ನಗು ಬಂತು. "ಇರಲಿ ಬಿಡಪ್ಪಾ, ಸಂಜೀಕ ಆರಿದ ಮ್ಯಾಲೆ ಕುಗ್ಗಿ ತಾನ ಕೂಡತೈತಿ," ಎಂದೆ. ಪೂರ್ಣಿಮಾಗೆ ವಿವರಿಸಿದೆ, ಅವಳೂ ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿದೆ. ಬೆಳ್ಳಗಾಗಿತ್ತು. ನಗು ನಿಲ್ಲಿಸಿದೆ.

"ಒಂದ ರಂಧಾ ತಂದಿದ್ರ ಹತ್ತ ನಿಮಿಷದ ಕೆಲಸ," ಎಂದ ಅಪ್ಪ. ಕಟ್ಟಿಗೆ ಉಜ್ಜುವ ರಂಧಾ ಅನಗೋಳದ ಹಿತ್ತಲಲ್ಲಿತ್ತು. ಅಳತೆ ತಪ್ಪೀತೆಂದು ಅವನು ಯಾವತ್ತು ಅಂದುಕೊಂಡಿದ್ದ, ತರಲಿಕ್ಕೆ.

ಬೈಕಿನಲ್ಲಿ ಬಂದಿದ್ದ ನಾಲ್ಕು ಜನ ಗಂಡಸರು ಕೋಟೆ ನೋಡಿಕೊಂಡು ಹೊರಗೆ ಬರುತ್ತಿದ್ದರು. ಗಟ್ಟಿಮುಟ್ಟು ಮಂದಿ, ಮರ್ಯಾದಸ್ಥರು. ಸಂಗತಿ ನೋಡಿ ಅವರಲ್ಲೊಬ್ಬ ಮುಂದೆ ಬಂದ. "ಅಕ್ಕಾರ, ನಾಕ ಮಂದಿ ಅದೀವಿ. ಎರಡ ನಿಮಿಷದಾಗ ನಿಮ್ಮನ್ನ ಒಳಗ ಇಡ್ತೀವಿ."

ಇಡ್ತೀವಿ ಅಂದ. ಹೂಕುಂಡ ಇಟ್ಟ ಹಾಗೆ. ಒಳ್ಳೆಯ ಮನಸ್ಸಿನಿಂದಲೇ ಅಂದ, ಸಿಟ್ಟು ಮಾಡುವಂತಿರಲಿಲ್ಲ. "ಬ್ಯಾಡ್ರಿ, ಧನ್ಯವಾದ್ರಿ," ಎಂದೆ.

"ಮೂರ ಪಾವಟಿಗಿ ತಂಗಿ," ಎಂದ ಅಪ್ಪ, ಮಗಳನ್ನು ಅವನು ಕರೆಯುವುದೇ ಹಾಗೆ. ಹೇಳುತ್ತ ಹೇಳುತ್ತಲೇ ಎದ್ದು ಬಂದು ಕುರ್ಚಿಗೆ ಕೈ ಹಾಕಿದ್ದ. "ನಾ ಒಂದ ಕಡೆ ಹಿಡೀತೀನಿ. ಯಾರೂ ಬೀಳಸೂದಿಲ್ಲ. ಬರ್ರೆಪಾ, ನೀವು ಆ ಕಡೆ ಹಿಡೀರಿ."

ಕುರ್ಚಿಯ ಮುಂಗಾಲಿ ನೆಲ ಬಿಟ್ಟಿತು. ಆ ಕ್ಷಣ ನನಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಎರಡೂ ಬ್ರೇಕು ಎಳೆದೆ.

"ಕೈ ತಗಿ ಅಪ್ಪಾ!"

ಎಲ್ಲರೂ ನಿಂತರು. ಅಪ್ಪ ಕೈ ತೆಗೆದ. ಒಂಬತ್ತು ವರ್ಷದಲ್ಲಿ ನಾನು ಅವನ ಮೇಲೆ ಹಾಗೆ ಕೂಗಿದ್ದಿಲ್ಲ. ಕೂಗಿದ ಮೇಲೆ ನಿಲ್ಲಿಸಲೂ ಆಗಲಿಲ್ಲ.

"ಗೌರೀಶನ ಲಗ್ನದಾಗ ನನ್ನ ಸೀರಿ ಮೊಣಕಾಲಿಗೆ ಬಂದಿತ್ತು. ಮುನ್ನೂರ ಮಂದಿ ನೋಡಿದ್ರು. ವಿಡಿಯೋದಾಗ ಇವತ್ತೂ ಐತಿ. ಎತ್ತಿದ ಮೂರ ಮಂದೀನ್ನ ನಾ ಮರ್ತೆ ಅಪ್ಪಾ, ಅವ್ರು ಯಾರೋ. ನೀನೂ ಒಂದ ಕಡೆ ಹಿಡದಿದ್ದಿ. ನೀನೂ ಕೇಳಲಿಲ್ಲ."

ಬೈಕಿನವರು ನೆಲ ನೋಡಿದರು. ಮುಂದೆ ಬಂದಿದ್ದವನು ಮೆಲ್ಲಗೆ "ತಪ್ಪಾತ್ರಿ ಅಕ್ಕಾರ" ಎಂದ. ನಾಲ್ವರೂ ಗಾಡಿ ಹತ್ತಿ ಗುಡ್ಡ ಇಳಿದು ಹೋದರು. ಅವರದೇನು ತಪ್ಪು, ಪಾಪ.

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನನಗ ಗೊತ್ತಿರಲಿಲ್ಲ," ಎಂದ.

"ಕೇಳಿದ್ರ ಗೊತ್ತಾಕ್ಕಿತ್ತು."

ಪೂರ್ಣಿಮಾ ನನ್ನ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ವಾರ ಬರೂಣು ದಾನೂ, ರಂಧಾ ತಗೊಂಡು," ಎಂದಳು. ನಾನು ಆಗಲಿ ಎಂದೆ. ಮೂರು ಮೆಟ್ಟಿಲಿನ ಆಚೆ, ದಿಂಡಿ ಬಾಗಿಲ ಚೌಕಟ್ಟಿನಲ್ಲಿ, ಒಳಗಿನ ಹುಲ್ಲು ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ಹನ್ನೆರಡು ವರ್ಷ ದೂರದಿಂದ ನೋಡಿದ್ದು ಹನ್ನೆರಡು ಅಡಿಯಲ್ಲಿತ್ತು. ಅಳು ಬಂತು. ಅದನ್ನು ಕೆಮ್ಮಿದಂತೆ ಮಾಡಿ ನುಂಗಿದೆ.

ಅಪ್ಪ ಉಳವಪ್ಪನ ಕಡೆ ತಿರುಗಿದ. "ಬಾಚಿ ಐತೇನ್ರಿ ನಿಮ್ಮ ಕಡೆ?"

"ಬೇಲಿ ಗೂಟ ಕೆತ್ತೂದು ಒಂದ ಐತ್ರಿ. ಮಸದ ವರ್ಷಾತು. ಮೊಂಡ ಆಗೇತಿ."

"ಇರಲಿ, ತರ್ರಿ."

ಉಳವಪ್ಪ ತನ್ನ ಕೋಣೆಯಿಂದ ಬಾಚಿ ತಂದ. ಅದನ್ನು ನೋಡಿದರೆ ಯಾವ ಬಡಿಗನೂ ಮುಟ್ಟುತ್ತಿರಲಿಲ್ಲ. ಅಲಗಿನಲ್ಲಿ ಹಲ್ಲು ಬಿದ್ದಿತ್ತು, ಹಿಡಿ ಸಡಿಲವಾಗಿತ್ತು. ಅಪ್ಪ ಕಲ್ಲೊಂದನ್ನು ಆರಿಸಿ, ನೀರು ಚಿಮುಕಿಸಿ ಕಾಲು ಗಂಟೆ ಮಸೆದ. ಇಸ್ತ್ರಿ ಅಂಗಿ ತೆಗೆದು ಓಮ್ನಿಯ ಕನ್ನಡಿಗೆ ತೂಗುಹಾಕಿದ. ಹಲಗೆಯ ಉದ್ದಕ್ಕೂ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ತಾನು ಹತ್ತು ದಿನ ಉಜ್ಜಿ ನುಣುಪು ಮಾಡಿದ ಅಂಚಿನ ಮೇಲೆ ಮೊದಲ ಪೆಟ್ಟು ಹಾಕಿದ.

ಚಕ್ಕೆ ಹಾರಿತು. ಅಂಚು ಒಡ್ಡೊಡ್ಡಾಗಿ ಕಿತ್ತು ಬಂತು. ಫೌಂಡ್ರಿಯ ಯಾರಾದರೂ ನೋಡಿದ್ದರೆ ಗುರುಪುತ್ರಪ್ಪನ ಕೆಲಸ ಎಂದು ನಂಬುತ್ತಿರಲಿಲ್ಲ. ಅವನು ತಲೆ ಎತ್ತಲಿಲ್ಲ. ಆರು ಅಡಿ ಉದ್ದ, ಮೂರು ಸೂತ ಅಗಲ. ಅರವತ್ತೆರಡು ವರ್ಷದ ಮೊಣಕಾಲೂರಿ ಒಂದೊಂದೇ ಅಡಿ ಸರಿಯುತ್ತ ಕೆತ್ತಿದ. ಉಳವಪ್ಪ ಹಲಗೆ ಹಿಡಿದುಕೊಂಡ. ನಾನು ಸಹಾಯಕ್ಕೆ ಬರಲೇ ಎಂದು ಕೇಳಲಿಲ್ಲ, ಅವನೂ ಕರೆಯಲಿಲ್ಲ. ಪೂರ್ಣಿಮಾ ಒಮ್ಮೆ ಬಾಚಿಯನ್ನು, ಒಮ್ಮೆ ಸೂರ್ಯನನ್ನು ನೋಡುತ್ತ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

ಐದಕ್ಕೆ ಹತ್ತು ನಿಮಿಷ ಇರುವಾಗ ಹಲಗೆ ಕಲ್ಲುಗಳ ನಡುವೆ ಇಳಿಯಿತು. ಕಾಗದವಲ್ಲ, ಬೆರಳೇ ತೂರುವಷ್ಟು ಸಂದು ಅಲ್ಲಲ್ಲಿ. ಅಪ್ಪ ಆ ಸಂದುಗಳಿಗೆ ಚಕ್ಕೆ ಬಡಿದು ಬಿಗಿ ಮಾಡಿದ. ಹಲಗೆಯ ಮೇಲೆ ನಿಂತು ಎರಡು ಸಲ ಕುಪ್ಪಳಿಸಿ ನೋಡಿದ. ಆಮೇಲೆ ಬದಿಗೆ ಸರಿದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ನಾನು ಗಾಲಿ ತಿರುವಿದೆ. ಕೆಳಗಿನ ತುಂಡು ಸುಲಭಕ್ಕೆ ಹತ್ತಿದೆ. ಮೇಲಿನದರಲ್ಲಿ ತೋಳು ನಡುಗತೊಡಗಿತು. ಒಂದು ನೂಕು, ಬ್ರೇಕು, ಉಸಿರು. ಮತ್ತೊಂದು ನೂಕು, ಬ್ರೇಕು. ಪೂರ್ಣಿಮಾ "ದಬ್ಬಲೇನ?" ಎಂದಳು, ನಾನು "ಬ್ಯಾಡ" ಎಂದೆ. ಅಪ್ಪ ತುಟಿ ಬಿಗಿಹಿಡಿದಿದ್ದ. ಕೊನೆಯ ನೂಕಿಗೆ ಮುಂಗಾಲಿ ಹೊಸ್ತಿಲು ದಾಟಿ, ದಿಂಡಿ ಬಾಗಿಲ ತಂಪು ಒಮ್ಮೆ ಮುಖಕ್ಕೆ ಹೊಡೆದು, ನಾನು ಗವಳಿಗಡದ ಒಳಗಿದ್ದೆ.

ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೊಣಕಾಲುದ್ದ ಹುಲ್ಲು, ಬತ್ತಿದ ಒಂದು ಹೊಂಡ, ಛಾವಣಿಯಿಲ್ಲದ ಒಂದು ಕಣಜ. ಪಶ್ಚಿಮದ ಗೋಡೆ ಒಂದು ಕಡೆ ಎದೆಯ ಮಟ್ಟಕ್ಕೆ ಕುಸಿದಿತ್ತು, ಅಲ್ಲಿಂದ ಕಣಕುಂಬಿಯ ಕಡೆಯ ಕಾಡು ಕಣ್ಣು ಮುಟ್ಟುವಷ್ಟು ದೂರ ಹಬ್ಬಿತ್ತು. ಉಳವಪ್ಪ ತುಳಿದು ಮಾಡಿದ ಕಾಲುದಾರಿಯಲ್ಲಿ ಗಾಲಿ ಸಲೀಸಾಗಿ ಹೋಯಿತು. ನಾನು ಗೋಡೆಯುದ್ದಕ್ಕೂ ಹೋದೆ, ಬಂದೆ, ಮತ್ತೆ ಹೋದೆ. ಬೇಕಾದಲ್ಲಿ ನಿಂತೆ. ಇಷ್ಟು ಸಂತೋಷ ಯಾವಾಗ ಪಟ್ಟಿದ್ದೆನೋ ನೆನಪಿಲ್ಲ.

ಅಪ್ಪ ಕುಸಿದ ಗೋಡೆಯ ಹತ್ತಿರ ಬಂದು ನಿಂತ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಕೇಳಿದ್ರ ನೀ ಬ್ಯಾಡ ಅಂತೀ ಅಂತ ಹೆದರಿಕಿ ಇತ್ತು ತಂಗಿ," ಎಂದ, ಕಾಡಿನ ಕಡೆ ನೋಡುತ್ತಲೇ. "ನೀ ಬ್ಯಾಡ ಅಂದ್ರ ನನಗ ಮಾಡಾಕ ಏನೂ ಉಳಿಯೂದಿಲ್ಲ. ಅದಕ್ಕ ಕೇಳದನ ಮಾಡ್ತಿದ್ದೆ. ದವಾಖಾನಿಯಿಂದ ಕರಕೊಂಡ ಬಂದ ದಿನದಿಂದ."

ಇಬ್ಬರೂ ಕಾಡು ನೋಡಿದೆವು.

ಬಿಸಿಲು ಕೆಂಪಾಗುವ ಮೊದಲೇ ಪೂರ್ಣಿಮಾ ಡಬ್ಬಿ ಹಿಡಿದು ಗಾಡಿಗೆ ಓಡಿದಳು. ಉಳವಪ್ಪ ಅವಳಿಗೆ ನೀರು ಕೊಡಲು ಹೋದ. ನಾನು ಗಾಲಿ ತಿರುಗಿಸಿ ದಿಂಡಿ ಬಾಗಿಲಿಗೆ ಬಂದೆ. ಮೇಲಿನಿಂದ ನೋಡಿದರೆ ಇಳಿಜಾರು ಹತ್ತುವಾಗಿನದಕ್ಕಿಂತ ಕಡಿದಾಗಿತ್ತು. ಇಳಿಯುವಾಗ ಹಿಂದಿನಿಂದ ಯಾರಾದರೂ ತಡೆಹಿಡಿಯದಿದ್ದರೆ ಕುರ್ಚಿ ಮುಗ್ಗರಿಸುತ್ತದೆ. ಇದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಅವನು ಅಭ್ಯಾಸಬಲದಿಂದ ಹಿಂದೆ ಬಂದು ನಿಂತದ್ದು ಗಾಳಿ ತಡೆದದ್ದರಿಂದಲೇ ತಿಳಿಯಿತು. ನಾನು ಕಾದೆ. ಕುರ್ಚಿಗೆ ಕೈ ಬೀಳಲಿಲ್ಲ. ಅಪ್ಪ ಕಲ್ಲಿಗೂ ಗಾಲಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ತೂರಿ ನನ್ನ ಮುಂದೆ ಬಂದ. ಕೆತ್ತಿ ಕೆತ್ತಿ ನೊಂದ ಮೊಣಕಾಲನ್ನು ಹಲಗೆಗೆ ಊರಿ, ನನ್ನ ಮುಖದ ಮಟ್ಟಕ್ಕೆ ಕೂತ.

"ದಾನೀ, ಹಿಡೀಲೇನು?"

ನಾನು ಎರಡೂ ಬ್ರೇಕು ಮುಟ್ಟಿ ನೋಡಿಕೊಂಡೆ. ಅವನು ಅವಸರ ಮಾಡಲಿಲ್ಲ.

"ಹಿಡಿ ಅಪ್ಪಾ," ಎಂದೆ.

ಅವನು ಎದ್ದು ಹಿಂದೆ ಹೋದ. ಕೈ ಹಾಕದೆ ನಿಂತ. "ಎಲ್ಲಿ ಹಿಡೀಲಿ?" ಎಂದು ಕೇಳಿದ.

ಒಂಬತ್ತು ವರ್ಷ ನನ್ನ ಕುರ್ಚಿಯ ಹಿಂದೆ ನಿಂತ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. "ಕೈ ಇಟ್ಟುಕೊಳ್ಳೂ ಪಟ್ಟಿ ಹಿಡೀಬ್ಯಾಡ, ಅದು ಕಿತ್ತ ಬರ್ತದ," ಎಂದು, ಬೆನ್ನ ಹಿಂದೆ ಕೈ ಚಾಚಿ ಅಡ್ಡ ಕೊಳವೆಯನ್ನು ಮುಟ್ಟಿ ತೋರಿಸಿದೆ. ಅಪ್ಪ ಅಲ್ಲೇ ಹಿಡಿದ.